ಫಿಟ್‌ನೆಸ್ ಬ್ಯಾಂಡ್ ತಗೊಳ್ಳುವ ಅಂತ ಉಂಟು, ಎಂತ ನೋಡಿ ತಗೊಳ್ಳುದು?

ಬಿಜೈ_ನಡಿಗೆ:
ನಮಸ್ಕಾರ ಎಲ್ರಿಗೂ. ನಂಗೆ 46 ವರ್ಷ, ಆಫೀಸಲ್ಲಿ ಕೂತೇ ಕೆಲಸ, ಹೋದ ತಿಂಗಳು ಶುಗರ್ ಬಾರ್ಡರಲ್ಲಿ ಉಂಟು ಅಂತ ಬಂತು, ಡಾಕ್ಟ್ರು ದಿನಾ ನಡೀಲೇಬೇಕು ಅಂದ್ರು. ಈಗ ಬೆಳಿಗ್ಗೆ ಕದ್ರಿ ಪಾರ್ಕಲ್ಲಿ ರೌಂಡ್ ಹೊಡೀತಾ ಇದ್ದೇನೆ. ಒಂದು ಬ್ಯಾಂಡ್ ಕಟ್ಟಿ ಪಪ್ಪಾ, ಎಷ್ಟು ನಡೆದ್ರಿ ಅಂತಾದ್ರೂ ಗೊತ್ತಾಗ್ತದೆ ಅಂತ ಮಗಳ ಒತ್ತಾಯ. ಅಂಗಡಿಗೆ ಹೋದ್ರೆ ಅವ ಹದಿನೈದು ನಮೂನೆ ತೋರಿಸಿ ಮಂಡೆ ಬಿಸಿ ಮಾಡಿದ, ಒಂದರಲ್ಲಿ ಬಿಪಿ ಶುಗರ್ ಎಲ್ಲ ಬರ್ತದಂತೆ, ಚುಚ್ಚುವುದೇ ಬೇಡವಂತೆ, ರೇಟೂ 2 ಸಾವಿರದ ಒಳಗೆ. ನಂಬಬಹುದಾ? ನನ್ನ ಬಜೆಟ್ 4 ಸಾವಿರ. ಮತ್ತೊಂದು, ಈ ಸೆಕೆಗೆ ನಂಗೆ ಬೆವರು ಭಯಂಕರ, ರಬ್ಬರ್ ಬೆಲ್ಟ್ ಕಟ್ಟಿದ್ರೆ ಎರಡೇ ದಿನದಲ್ಲಿ ತುರಿಕೆ ಶುರು.

ಲ್ಯಾಬಿನವ:
ಆ ಶುಗರ್ ವಾಚ್ ಮಾತ್ರ ಬೇಡ ಮಾರಾಯ್ರೆ. ನಾನು ಉಡುಪಿಯಲ್ಲಿ ಲ್ಯಾಬಲ್ಲೇ ಇರುವವ. ಚುಚ್ಚದೆ ತಾನಾಗಿ ಶುಗರ್ ಅಳೆಯುವ ಒಂದೇ ಒಂದು ವಾಚಿಗೂ ರಿಂಗಿಗೂ ನಾವು ಅನುಮತಿ ಕೊಟ್ಟಿಲ್ಲ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿತ್ತು. ತೋಳಿಗೆ ಅಂಟಿಸಿ ಹಗಲು ರಾತ್ರಿ ಶುಗರ್ ನೋಡುವ ಸಿಜಿಎಂ ಅಂತ ಉಂಟಲ್ಲ ಅದು ಬೇರೆ, ಅದರ ಸಣ್ಣ ಎಳೆ ಚರ್ಮದ ಒಳಗೇ ಇರ್ತದೆ, ಕೆಲವರ ವಾಚಲ್ಲಿ ಕಾಣುವುದು ಅದು ಕಳಿಸಿದ ನಂಬರ್. ಬಿಪಿಗೂ ತೋಳಿಗೆ ಪಟ್ಟಿ ಕಟ್ಟುವ ಮಿಶಿನ್ನೇ ಆಗ್ಬೇಕು.
ಪಲ್ಸ್ ಆದ್ರೆ ತಕ್ಕಮಟ್ಟಿಗೆ ಸರಿ ಬರ್ತದೆ. ಹಿಂದೆ ಹಸಿರು ಲೈಟ್ ಮಿಣುಕ್ತದಲ್ಲ, ರಕ್ತ ಆ ಬೆಳಕನ್ನು ಹೀರಿಕೊಳ್ತದೆ, ಎದೆ ಬಡಿದ ಹಾಗೆ ವಾಪಸ್ ಬರುವ ಬೆಳಕು ಹೆಚ್ಚುಕಮ್ಮಿ ಆಗ್ತದೆ, ಅದರ ಮೇಲೆ ಲೆಕ್ಕ. ಮಣಿಕಟ್ಟಿನ ಎಲುಬಿಂದ ಒಂದು ಬೆರಳು ಮೇಲೆ ಕಟ್ಟಿ, ಬಳೆ ಥರ ಜೋತಾಡ್ಲಿಕ್ಕೆ ಬಿಟ್ರೆ ಆಗುವುದಿಲ್ಲ. ಆದ್ರೂ ಪೂರ್ತಿ ನಂಬುದು ಬೇಡ, ನಾವೊಮ್ಮೆ ತಮಾಷೆಗೆ ನೇಂದ್ರ ಬಾಳೆಹಣ್ಣಿಗೆ ಒಂದು ಅಗ್ಗದ ಬ್ಯಾಂಡ್ ಕಟ್ಟಿದ್ದೆವು, ಪಲ್ಸ್ 78 ಬಂತು 😄

ಮಲ್ಪೆಗಾಳಿ:
ನಮ್ಮ ಕಡೆಯವರಿಗೆ ಮೊದಲು ನೋಡ್ಬೇಕಾದ್ದು ನೀರಿನ ವಿಷಯ. ಧೂಳು ನೀರು ಎಷ್ಟು ತಡೀತದೆ ಅಂತ ಹೇಳುವ ಗುರ್ತು ಐಪಿ68 ಮಾತ್ರ ಬರ್ದಿದ್ರೆ ಬಿಡಿ, 5 ಎಟಿಎಂ ಅಂತ ಇರುವುದು ತಗೊಳ್ಳಿ. ಅದರ ಅರ್ಥ 50 ಮೀಟರ್ ಮುಳುಗಬಹುದು ಅಂತಲ್ಲ, ಅಷ್ಟು ಆಳದ ಒತ್ತಡ ಟೆಸ್ಟಲ್ಲಿ ತಡ್ಕೊಂಡಿದೆ ಅಂತ. ಮಳೆಗೆ, ಈಜುಕೊಳಕ್ಕೆ ಸಾಕು. ಸಮುದ್ರಕ್ಕೆ ಇಳಿದ್ರೆ ಬಂದ ಕೂಡ್ಲೆ ಸಿಹಿನೀರಲ್ಲಿ ತೊಳೀಬೇಕು, ಉಪ್ಪು ಕೂತ್ರೆ ಚಾರ್ಜಿಂಗ್ ಪಿನ್ ಹೋಯ್ತು. ನನ್ನದು ಹೋದದ್ದು ಮಾತ್ರ ಸಮುದ್ರದಲ್ಲಿ ಅಲ್ಲ, ಬಚ್ಚಲಲ್ಲಿ! ಭಾನುವಾರ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಸುರ್ಕೊಂಡೆ, ಕೈಯಲ್ಲಿ ಬ್ಯಾಂಡ್ ಇತ್ತು, ಬಿಸಿನೀರಿಗೂ ಹಬೆಗೂ ಸೋಪಿಗೂ ಅದರ ರಬ್ಬರ್ ಸೀಲ್ ಬಾಳುವುದಿಲ್ಲ ಅಂತ ಆಮೇಲೆ ಗೊತ್ತಾಯ್ತು, ವಾರಂಟಿಯವರು ನೀರು ಹೋಗಿದೆ ಅಂತ ವಾಪಸ್ ಕಳಿಸಿದ್ರು.
ತುರಿಕೆಗೆ ನೈಲಾನ್ ಬಟ್ಟೆಯ ಬೆಲ್ಟ್ ಒಳ್ಳೇದು. ಎರಡು ಇಟ್ಕೊಳ್ಳಿ, ಮಳೆಗಾಲದಲ್ಲಿ ಒಂದು ಒಣಗ್ಲಿಕ್ಕೆ ಎರಡು ದಿನ ಬೇಕು. ಬೇರೆ ಬೆಲ್ಟ್ ಸಿಕ್ಕುವ ಮಾಡೆಲ್ಲೇ ತಗೊಳ್ಳಿ ಆಯ್ತಾ, ಇದನ್ನು ಯಾರೂ ಕೇಳುವುದಿಲ್ಲ.

ಆಟದ_ಮರ್ಲ:
ನಿದ್ದೆ ಲೆಕ್ಕದ ಕಥೆ ನಾನು ಹೇಳ್ತೇನೆ. ರಾತ್ರಿಯಿಡೀ ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗಿದ್ದೆ, ಕಣ್ಣು ಮುಚ್ಚಲೇ ಇಲ್ಲ, ಬೆಳಿಗ್ಗೆ ನೋಡಿದ್ರೆ 3 ಗಂಟೆ ಡೀಪ್ ಸ್ಲೀಪ್ ಅಂತ ಉಂಟು. ಚೆಂಡೆಯ ಎದುರು ಕೂತು ಡೀಪ್ ಸ್ಲೀಪಾ! ಅಲ್ಲಾಡದೆ ಕೂತ್ರೆ ಅದಕ್ಕೆ ನಿದ್ದೆ, ಕೈ ಆಡಿಸಿದ್ರೆ ನಡಿಗೆ. ಸ್ಕೂಟರಲ್ಲಿ ಹೊಂಡ ಹಾರಿಸಿದ್ರೂ ಸ್ಟೆಪ್ ಏರ್ತದೆ, ಹೆಂಡ್ತಿ ಕಾಯಿ ತುರಿದ್ರೂ ಏರ್ತದೆ. ಹಾಗಂತ ಉಪಯೋಗ ಇಲ್ಲ ಅಂತಲ್ಲ, ದಿನಾ ಒಂದೇ ನಮೂನೆ ತಪ್ಪುವುದರಿಂದ ನಿನ್ನೆಗಿಂತ ಇವತ್ತು ಹೆಚ್ಚಾ ಕಮ್ಮಿಯಾ ಅಂತ ಗೊತ್ತಾಗ್ತದೆ.
ಕಂಪೆನಿ ಯಾವುದೇ ಇರ್ಲಿ, ಚಾರ್ಜ್ ಒಂದು ವಾರ ಬರುವುದು ನೋಡಿ. ದಿನಾ ಚಾರ್ಜಿಗೆ ಇಡುವುದು ಮೂರನೇ ತಿಂಗಳಿಗೆ ಕಪಾಟು ಸೇರ್ತದೆ.

ಬಿಜೈ_ನಡಿಗೆ:
ಬಾಳೆಹಣ್ಣಿನ ಕಥೆ ಮನೆಯಲ್ಲಿ ಹೇಳಿ ನಗಾಡಿದೆವು. ಶುಗರ್ ವಾಚ್ ಕ್ಯಾನ್ಸಲ್. ದಿನಕ್ಕೆ 10,000 ಸ್ಟೆಪ್ ಆಗ್ಲೇಬೇಕಾ? ನಂಗೆ ಎಷ್ಟು ಒದ್ದಾಡಿದ್ರೂ 6 ಸಾವಿರ ದಾಟುವುದಿಲ್ಲ. ಮತ್ತೆ ಜಿಪಿಎಸ್ ಬೇಕಾ?

ಲ್ಯಾಬಿನವ:
10,000 ಡಾಕ್ಟ್ರು ಹೇಳಿದ ನಂಬರೇ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಯಂತ್ರಕ್ಕೆ ಮಾನ್‌ಪೊಕೆಯ್ ಅಂತ ಹೆಸರಿಟ್ಟು ಮಾರಿತು, ಹಾಗಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ, ಅಲ್ಲಿಂದ ಹಿಡ್ಕೊಂಡದ್ದು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ಮಾಡಿದ ಸ್ಟಡಿಯಲ್ಲಿ 4,400 ಹೆಜ್ಜೆಯವರಿಗೇ 2,700ರವರಿಗಿಂತ ಸಾವಿನ ಅಪಾಯ ಕಮ್ಮಿ ಇತ್ತು, 7,500ರ ಹತ್ತಿರ ಹೋದ ಮೇಲೆ ಹೆಚ್ಚಿನ ಲಾಭ ಕಾಣ್ಲಿಲ್ಲ. ನಿಮ್ಮ ಪ್ರಾಯಕ್ಕೆ ಅದೇ ಲೆಕ್ಕ ಅಂತ ಹೇಳುವುದಿಲ್ಲ, ಆದ್ರೆ 6 ಸಾವಿರಕ್ಕೆ ಬೇಜಾರು ಮಾಡ್ಬೇಡಿ. ಊಟ ಆದ ಮೇಲೆ ಒಂದು ಹತ್ತು ನಿಮಿಷ ನಡೀರಿ, ಶುಗರಿಗೆ ಅದು ಒಳ್ಳೇದು.

ಮಲ್ಪೆಗಾಳಿ:
ಪಾರ್ಕಲ್ಲಿ ರೌಂಡ್ ಹೊಡೀಲಿಕ್ಕೆ ಎಂತ ಜಿಪಿಎಸ್? ಮೊಬೈಲ್ ಕಿಸೆಯಲ್ಲಿ ಇರ್ತದಲ್ಲ, ಅದರ ಜಿಪಿಎಸ್ಸನ್ನೇ ಬಳಸುವ ಬ್ಯಾಂಡ್ ಇವೆ. ಮೊಬೈಲ್ ಬಿಟ್ಟು ಓಡುವವರಿಗೆ ಒಳಗೇ ಜಿಪಿಎಸ್ ಇರುವ ಗಾರ್ಮಿನ್ ಫೋರ್‌ರನ್ನರ್ ಥರದ ವಾಚ್, ಅದು ನಿಮ್ಮ ಬಜೆಟ್ ಅಲ್ಲ.

ಬಿಜೈ_ನಡಿಗೆ:
ಸರಿ, ಶನಿವಾರ ಹಂಪನಕಟ್ಟೆಗೆ ಹೋಗಿ ನೋಡ್ತೇನೆ. ಕಡೇದಾಗಿ ಒಂದು, ಆದಿತ್ಯವಾರ ಕದ್ರಿ ದೇವಸ್ಥಾನದಿಂದ ಮೆಟ್ಲು ಹತ್ತಿ ಜೋಗಿ ಮಠದವರೆಗೆ ಹೋಗ್ತೇನೆ, ಏರು ಹತ್ತಿದ್ದಕ್ಕೆ ಬೇರೆ ಲೆಕ್ಕ ಬರ್ತದಾ?

ಆಟದ_ಮರ್ಲ:
ಹೆಜ್ಜೆ ಅಂತ ಬರ್ತದೆ, ಎಷ್ಟು ಎತ್ತರ ಹತ್ತಿದ್ದು ಅಂತ ಬೇಕಾದ್ರೆ ಒಳಗೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರ್ಬೇಕು, 4 ಸಾವಿರದೊಳಗಿನದ್ದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಮೆಟ್ಲು ಹತ್ತಿದ ದಿನ ಗೋಡೆ ಕ್ಯಾಲೆಂಡರಲ್ಲಿ ಒಂದು ಗೀಟು ಹಾಕಿ, ಅದಕ್ಕೆ ಚಾರ್ಜೂ ಬೇಡ.