ಸಹಾಯ ಬೇಕು: ತಮ್ಮನ ಬುದ್ಧಿಹಲ್ಲಿನ ಸುತ್ತ ಸಿಸ್ಟ್

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ 27 ವರ್ಷ, ಮದುವೆ ಮನೆಗಳಲ್ಲಿ ಓಲಗ ಊದುತ್ತಾನೆ. ಕೆಳದವಡೆಯ ಬಲಗಡೆ ಬುದ್ಧಿಹಲ್ಲು ಹೊರಗೆ ಬಂದೇ ಇಲ್ಲ. ಎರಡು ವರ್ಷ ಲವಂಗ ಕಚ್ಚಿಕೊಂಡು ದಿನ ದೂಡಿದ. ಕಳೆದ ವಾರ ಮುದ್ದೆಯ ತುತ್ತಿಗೂ ಬಾಯಿ ತೆರೆಯಲಾಗದೆ ಹೋದಾಗ ವೈದ್ಯರ ಬಳಿ ಕರೆದುಕೊಂಡು ಹೋದೆ.

ಒಪಿಜಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ) ಎಕ್ಸ್‌ರೇಯಲ್ಲಿ ಹಲ್ಲು ಅಡ್ಡ ಮಲಗಿದೆ. ಅದರ ತಲೆಯ ಸುತ್ತ ಅಡಿಕೆ ಗಾತ್ರದ ಕಪ್ಪು ಗುಂಡು, ಅಂಚಿಗೆ ತೆಳು ಬಿಳಿ ಗೆರೆ. ಡೆಂಟಿಜೀರಸ್ ಸಿಸ್ಟ್ ಇರಬಹುದು ಎಂದರು. ಹೊರಬರದ ಹಲ್ಲಿನ ತಲೆಗೂ ಅದನ್ನು ಸುತ್ತಿದ ಪೊರೆಗೂ ನಡುವೆ ದ್ರವ ತುಂಬಿಕೊಂಡು ಆಗುವ ಚೀಲವಂತೆ. ಆದರೆ ಕೆರಟೋಸಿಸ್ಟ್ ಎಂಬ ಇನ್ನೊಂದು ಬಗೆಯ ಚೀಲ ಕೂಡ ಎಕ್ಸ್‌ರೇಯಲ್ಲಿ ಹೀಗೆಯೇ ಕಾಣಬಹುದು, ಅದು ತೆಗೆದ ಮೇಲೂ ಮರುಕಳಿಸುವುದು ಹೆಚ್ಚು, ಬಯಾಪ್ಸಿಯಿಂದಲೇ (ತುಣುಕು ತೆಗೆದು ಮಾಡುವ ಪರೀಕ್ಷೆ) ಖಚಿತವಾಗುವುದು ಎಂದರು.

ಒಬ್ಬ ವೈದ್ಯರು ಹಲ್ಲು, ಚೀಲ ಎರಡನ್ನೂ ಒಟ್ಟಿಗೆ ತೆಗೆಯೋಣ ಎನ್ನುತ್ತಾರೆ. ಇನ್ನೊಬ್ಬರು, ದವಡೆಯ ನರ ತೀರಾ ಹತ್ತಿರವಿದೆ, ಮೊದಲು ಚೀಲಕ್ಕೆ ಕಿಂಡಿ ಮಾಡಿ ಕುಗ್ಗಿಸಿ, ಕೆಲವು ತಿಂಗಳ ನಂತರ ಹಲ್ಲು ಕೀಳೋಣ ಎನ್ನುತ್ತಾರೆ. ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿಯಬಹುದಂತೆ. ತುಟಿಯೇ ಅವನ ಅನ್ನ.

ಈ ಎರಡರಲ್ಲಿ ಯಾವುದನ್ನಾದರೂ ಮಾಡಿಸಿಕೊಂಡವರು ಇದ್ದೀರಾ? ತುಟಿಯ ಸ್ಪರ್ಶ ಸರಿಯಿದೆಯೇ? ಊದುವ ವಾದ್ಯದವರು ಎಷ್ಟು ದಿನ ಬಿಟ್ಟು ಮತ್ತೆ ಊದಿದಿರಿ? ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಮಾಡಿಸಿದವರು ಖರ್ಚು, ಕಾಯುವ ಅವಧಿ ತಿಳಿಸಿ. ಮನೆಮದ್ದು ಮಾತ್ರ ದಯವಿಟ್ಟು ಬೇಡ, ಅಜ್ಜಿಯ ಡಬ್ಬಿಯ ಲವಂಗ ಈಗಾಗಲೇ ಖಾಲಿಯಾಗಿದೆ.