ಮೂರು ತಿಳಿ ನೇರಳೆ ಶೇಡ್‌ಗಳಲ್ಲಿ ಯಾವುದು?

ಪ್ರಶ್ನೆ: ಸರ್, ಮಲಗುವ ಕೋಣೆಗೆ ತಿಳಿ ನೇರಳೆ ಹೊಡೆಸಬೇಕು ಅಂತಿದ್ದೀವಿ. ಶೇಡ್ ಕಾರ್ಡ್‌ನಲ್ಲಿ ಮೂರು ಗುರುತು ಮಾಡಿಟ್ಟಿದ್ದೀನಿ. ಒಂದು ನೀಲಿ ಕಡೆಗಿದೆ, ಒಂದು ಗುಲಾಬಿ ಕಡೆಗೆ, ಇನ್ನೊಂದರಲ್ಲಿ ಬೂದು ಬೆರೆತ ಹಾಗಿದೆ. ಮನೆಯವರಿಗೆ ಮೂರೂ ಒಂದೇ ಅಂತೆ! ಕಿಟಕಿ ದೊಡ್ಡದು, ಆದರೆ ನೇರ ಬಿಸಿಲು ಬೀಳಲ್ಲ. ರಾತ್ರಿ ಹಳದಿ ಬೆಳಕಿನ ಬಲ್ಬು. ಕಪಾಟು ಕೆಂಗಂದು ಮರದ್ದು.

ಉತ್ತರ (ಪೇಂಟಿಂಗ್ ಕಂಟ್ರಾಕ್ಟರ್): ಮೇಡಂ, ನನ್ನ ಓಟು ಬೂದು ಬೆರೆತದ್ದಕ್ಕೆ. ಕಾರ್ಡ್‌ನಲ್ಲಿ ಅದೇ ಸಪ್ಪೆ ಕಾಣೋದು, ಅದಕ್ಕೇ ಎಷ್ಟೋ ಜನ ಬಿಟ್ಟುಬಿಡ್ತಾರೆ. ಆದರೆ ನಾಲ್ಕೂ ಗೋಡೆಗೆ ಹೊಡೆದಾಗ ಒಂದರ ಬಣ್ಣ ಎದುರಿನದಕ್ಕೆ ಬಿದ್ದು, ಕಾರ್ಡ್‌ನಲ್ಲಿ ಕಂಡಿದ್ದಕ್ಕಿಂತ ಗಾಢವಾಗುತ್ತೆ. ತಿಳಿ ಅಂದುಕೊಂಡದ್ದು ಮಿಠಾಯಿ ಬಣ್ಣ ಆಗೋದು ಹೀಗೇ. ನೇರ ಬಿಸಿಲಿಲ್ಲದ ಕಡೆ ನೀಲಿ ಶೇಡ್ ಹಗಲಲ್ಲಿ ಬರೀ ನೀಲಿಯಾಗಿ ಕಾಣುವ ಸಾಧ್ಯತೆ ಹೆಚ್ಚು. ಗುಲಾಬಿ ಕಡೆಯದು ಹಗಲು ಚೆಂದ. ರಾತ್ರಿ ಆ ಕಪಾಟು, ಆ ಬಲ್ಬು ಸೇರಿದರೆ ನೇರಳೆ ಅನ್ನೋದೇ ಉಳಿಯಲ್ಲ.

ಬಲ್ಬಿನ ವಿಷಯ ಹಗುರಾಗಿ ತಗೋಬೇಡಿ. 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಬಲ್ಬಿನ ಡಬ್ಬಿ ಮೇಲಿರುತ್ತೆ) ಹಳದಿ ಬೆಳಕಲ್ಲಿ ನೀಲಿ ಅಂಶ ಕಡಿಮೆ, ನೇರಳೆ ಮಂಕಾಗುತ್ತೆ. ನಾನು ಹೇಳಿದ ಶೇಡ್ ಕೂಡ ರಾತ್ರಿ ಬರೀ ಬೂದು ಅನ್ನಿಸಬಹುದು. ಅಷ್ಟು ಹಳದಿಯಲ್ಲದ 4000 ಕೆಲ್ವಿನ್ ಬಲ್ಬು ಹಾಕಿ ನೋಡಿ.

ಪ್ರಶ್ನೆ: ಹಾಗಾದರೆ ಮೂರನ್ನೂ ಗೋಡೆ ಮೇಲೆ ಪಕ್ಕಪಕ್ಕ ಹಚ್ಚಿ ನೋಡಲಾ?

ಉತ್ತರ: ಬೇಡ. ಗುಲಾಬಿ ಪಕ್ಕ ಇಟ್ಟರೆ ನೀಲಿ ಇನ್ನೂ ನೀಲಿ ಕಾಣುತ್ತೆ, ಹಳೇ ಗೋಡೆಯ ಬಣ್ಣವೂ ಕಣ್ಣಿಗೆ ಮೋಸ ಮಾಡುತ್ತೆ. ಸ್ಯಾಂಪಲ್ ಡಬ್ಬಿ ತಂದು, ಒಂದೊಂದು ಶೇಡನ್ನೂ ಬೇರೆ ಬೇರೆ ದಪ್ಪ ಬಿಳಿ ರಟ್ಟಿಗೆ ಎರಡು ಕೋಟ್ ಹೊಡೀರಿ, ಸುತ್ತ ಬಿಳಿ ಅಂಚು ಬಿಡಿ. ಪೂರ್ತಿ ಒಣಗಲಿ, ಹಸಿಯಾಗಿದ್ದಾಗ ಕಂಡ ಬಣ್ಣ ಲೆಕ್ಕಕ್ಕಿಲ್ಲ. ಒಂದೊಂದನ್ನೇ ಕಿಟಕಿ ಎದುರಿನ ಗೋಡೆಗೆ, ಕಪಾಟಿನ ಪಕ್ಕಕ್ಕೆ, ಮೂಲೆಗೆ ಒರಗಿಸಿ ಬೆಳಗ್ಗೆ, ಸಂಜೆ, ದೀಪ ಹಾಕಿದ ಮೇಲೆ ನೋಡಿ.

ಇನ್ನೊಬ್ಬ ಸದಸ್ಯರು: ಕಾರ್ಡ್‌ನಲ್ಲಿ ಎಲ್‌ಆರ್‌ವಿ ಅಂತ ಇರುತ್ತಲ್ಲ, ಅದನ್ನ ನೋಡಿ ಆರಿಸಬಹುದಾ?

ಉತ್ತರ: ಅದು ಬೆಳಕು ಎಷ್ಟು ವಾಪಸ್ ಬರುತ್ತೆ ಅನ್ನೋ ಲೆಕ್ಕ. ಕಪ್ಪಿಗೆ 0, ಬಿಳಿಗೆ 100. ತಿಳಿಯೋ ಗಾಢವೋ ಗೊತ್ತಾಗುತ್ತೆ ಅಷ್ಟೇ. ಒಂದೇ ಎಲ್‌ಆರ್‌ವಿ ಇರುವ ಎರಡು ಶೇಡಲ್ಲಿ ಒಂದು ನೀಲಿ, ಇನ್ನೊಂದು ಗುಲಾಬಿ ಇರಬಹುದು.

ಮೇಡಂ, ಶೇಡ್ ಯಾವುದೇ ಆಗಲಿ, ಹೊಳಪಿಲ್ಲದ ಮ್ಯಾಟ್ ಫಿನಿಶ್ ತಗೊಳ್ಳಿ, ಬೇಕಾದಷ್ಟನ್ನೂ ಒಟ್ಟಿಗೇ ಮಿಕ್ಸ್ ಮಾಡಿಸಿ. ಆಮೇಲೆ ಇನ್ನೊಂದು ಡಬ್ಬಿ ತಂದರೆ ತಿಳಿ ಬಣ್ಣದಲ್ಲಿ ವ್ಯತ್ಯಾಸ ಬೇಗ ಎದ್ದು ಕಾಣುತ್ತೆ.