ರಾತ್ರಿ ಎರಡೂ ಮುಕ್ಕಾಲಿಗೆ ಒತ್ತಿದ ಎಫ್5

ಹಾಂ ಸುಮಾ, ನಿನ್ನ ಮೆಸೇಜ್ ಈಗ ನೋಡ್ದೆ. ಪುಟ್ಟಿ ದಿನಾ ರಾತ್ರಿ ಮೂರರ ತನಕ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾಳೆ, ಕೇಳಿದ್ರೆ ಕೋಡಿಂಗ್ ಕೆಲಸ ಅಂದ್ರೆ ಹಿಂಗೇ ಅಂತಾಳೆ, ಇದರ ಮೇಲೆ ಮೂರನೇ ಲ್ಯಾಂಗ್ವೇಜಿನ ಕೋರ್ಸು ಬೇರೆ ಶುರು ಮಾಡಿದಾಳೆ, ಇದೆಲ್ಲ ಸರೀನಾ ಅಂತ ಕೇಳಿದೀಯ. ಟೈಪ್ ಮಾಡೋಕೆ ಹೆಬ್ಬೆರಳು ಕೇಳಲ್ಲ, ಬಾಯಲ್ಲೇ ಹೇಳ್ತಿದೀನಿ, ಫೋನೇ ಅಕ್ಷರ ಮಾಡ್ಕೊಳ್ಳುತ್ತೆ, ತಪ್ಪಿದ್ರೆ ಹೊಂದಿಸ್ಕೊಂಡು ಓದಿ. ಆ ಹಠ ಯಾರ ಕಡೆಯಿಂದ ಬಂದಿದ್ದು ಅಂತ ಗ್ರೂಪಲ್ಲಿ ಎಲ್ಲರಿಗೂ ಗೊತ್ತು, ನಾನು ಬಾಯಿ ಬಿಡಲ್ಲ.

ರಾತ್ರಿ ಕೂತು ಓದ್ಲಿ, ಬರೀಲಿ, ಬೇಡ ಅನ್ನಲ್ಲ. ನಿದ್ದೆಗಣ್ಣಲ್ಲಿ ಪ್ರೊಡಕ್ಷನ್ ಡೇಟಾಬೇಸ್, ಅಂದ್ರೆ ನಿಜವಾದ ಕೆಲಸ ನಡೀತಿರೋ ಲೈವ್ ಡೇಟಾಬೇಸ್ ಮಾತ್ರ ಮುಟ್ಟಬಾರದು. ಯಾಕೆ ಅಂತ ನನ್ನನ್ನ ಕೇಳಿ.

ಆಗ ನಾವೆಲ್ಲ ವಿಬಿ ಸಿಕ್ಸು, ಎಸ್‌ಕ್ಯೂಎಲ್ ಸರ್ವರ್ ಕಾಲದವರು, ಮೊದಲನೇದು ಪ್ರೋಗ್ರಾಂ ಬರೆಯೋ ಲ್ಯಾಂಗ್ವೇಜು, ಎರಡನೇದು ಡೇಟಾಬೇಸ್ ನೋಡ್ಕೊಳ್ಳೋ ಸಾಫ್ಟ್‌ವೇರ್. ಕ್ವೆರಿ ಅನಲೈಸರ್ ಅಂತ ಒಂದು ಕಿಟಕಿ, ಅದರಲ್ಲಿ ಕ್ವೆರಿ, ಅಂದ್ರೆ ಡೇಟಾಬೇಸಿಗೆ ಕೊಡೋ ಆಜ್ಞೆ ಬರೆದು, ಅದನ್ನ ಓಡಿಸೋಕೆ ಎಫ್5 ಒತ್ತೋದು. ಒಂದು ವಿಷ್ಯ ಏನಪ್ಪಾ ಅಂದ್ರೆ, ಬರೆದಿದ್ದರಲ್ಲಿ ಒಂದು ಸಾಲು ಮಾತ್ರ ಸೆಲೆಕ್ಟ್ ಆಗಿದ್ರೆ ಅದು ಆ ಒಂದೇ ಸಾಲನ್ನ ಓಡ್ಸತ್ತೆ. ಬೆಳಿಗ್ಗೆ ಎಂಟಕ್ಕೆ ಹೋದವನು, ರಾತ್ರಿ ಎರಡೂ ಮುಕ್ಕಾಲು, ಪಕ್ಕಪಕ್ಕ ಎರಡು ಕಿಟಕಿ, ಒಂದು ಟೆಸ್ಟು ಒಂದು ಲೈವು. ಲೈವಲ್ಲಿ ಒಂದು ನಲವತ್ತು ಡೂಪ್ಲಿಕೇಟ್ ರೋ, ಅಂದ್ರೆ ಎರಡೆರಡು ಸಲ ಬಂದಿದ್ದ ಎಂಟ್ರಿ ಸಾಲು ತೆಗೀಬೇಕಿತ್ತು. ಮೊದಲನೇ ಸಾಲಲ್ಲಿ ಡಿಲೀಟು, ಎರಡನೇ ಸಾಲಲ್ಲಿ ಯಾವ ರೋ ಅಳಿಸ್ಬೇಕು ಅಂತ ಹೇಳೋ ವೇರ್ ಕಂಡೀಶನ್ನು, ನೀಟಾಗೇ ಬರ್ದಿದ್ದೆ. ಮೌಸು ಎಲ್ಲಿ ಎಳೀತೋ ಏನೋ, ಮೇಲಿನ ಸಾಲು ಒಂದೇ ನೀಲಿ ಆಗಿದೆ, ಅಂದ್ರೆ ವೇರ್ ಇಲ್ದೆ ಎಲ್ಲ ರೋ ಅಳಿಸೋ ಆಜ್ಞೆ, ನನ್ನ ಕಣ್ಣಿಗೆ ಅದು ಬಿದ್ದೇ ಇಲ್ಲ. ಎಫ್5 ಒತ್ತಿದೆ. ಫಟ್ ಅಂತ ಮುಗಿಯೋ ಕೆಲಸ, ತಿರುಗ್ತಾನೇ ಇದೆ, ತಿರುಗ್ತಾನೇ ಇದೆ, ಆಮೇಲೆ ಕೆಳಗೆ ಬಂತು ನೋಡಿ, ನಾಲ್ಕು ಲಕ್ಷ ಚಿಲ್ಲರೆ ರೋ ಅಫೆಕ್ಟೆಡ್. ಮೊದಲೇ ಬಿಗಿನ್ ಟ್ರಾನ್ಸಾಕ್ಷನ್ ಅಂತ ಹಾಕಿಲ್ಲ ಅಂದ್ರೆ ಅದು ತಾನೇ ಕಮಿಟ್ ಮಾಡ್ಬಿಡತ್ತೆ, ಅಂದ್ರೆ ಬದಲಾವಣೆ ಕಾಯಂ, ರೋಲ್‌ಬ್ಯಾಕ್ ಮಾಡಿ ಹಿಂದಕ್ಕೆ ತಗೊಳ್ಳೋ ಮಾತೇ ಇಲ್ಲ. ಬೆನ್ನ ಮೇಲೆ ಯಾರೋ ತಣ್ಣೀರು ಸುರಿದ ಹಾಗೆ ಆಯ್ತು, ಆ ಅಂಕಿ ಈಗಲೂ ಕಣ್ಣ ಮುಂದೆ ಬರತ್ತೆ.

ಬ್ಯಾಕಪ್ ಇದೆಯಲ್ಲ ಅಂತ ಟೇಪ್ ಹಾಕಿದ್ರೆ ಅದರಲ್ಲಿರೋದು ಐದು ತಿಂಗಳ ಹಿಂದಿಂದು. ಯಾರೋ ಡೇಟಾಬೇಸನ್ನ ಹೊಸ ಡ್ರೈವಿಗೆ ಸಾಗಿಸಿದ್ರು, ಬ್ಯಾಕಪ್ ಜಾಬು ಮಾತ್ರ ದಿನಾ ರಾತ್ರಿ ಹಳೇ ಫೋಲ್ಡರನ್ನೇ ನಿಯತ್ತಾಗಿ ಕಾಪಿ ಮಾಡ್ತಿತ್ತು, ಹಸಿರು ಲೈಟು ಉರೀತಿತ್ತು, ಎಲ್ಲರಿಗೂ ಸಮಾಧಾನ. ಪ್ರಿಂಟ್ ಆಗಿದ್ದ ಕಾಗದ ಎಲ್ಲ ಹುಡುಕಿ ಕೂತು ಎಂಟ್ರಿ ಮಾಡಿದ್ವಿ, ಮೂರು ವಾರ. ಮಜಾ ಏನು ಅಂದ್ರೆ ಆ ನಲವತ್ತು ರೋ ತೆಗೆಯೋಕೆ ಸೋಮವಾರದ ತನಕ ಟೈಮ್ ಇತ್ತಂತೆ.

ಇದು ನನ್ನೊಬ್ಬನ ದಡ್ಡತನ ಅನ್ಕೋಬೇಡಿ. 2017ರ ಜನವರಿ 31ಕ್ಕೆ ಗಿಟ್‌ಲ್ಯಾಬ್ ಅಂತ ಜನರ ಕೋಡ್ ಇಟ್ಕೊಳ್ಳೋ ಕಂಪನೀಲಿ ಒಬ್ಬ ಎಂಜಿನಿಯರ್ ರಾತ್ರಿ ಹೊತ್ತಲ್ಲಿ ಒಂದು ಸರ್ವರ್ ಅನ್ಕೊಂಡು ಇನ್ನೊಂದು ಸರ್ವರಿನ ಡೇಟಾಬೇಸ್ ಡೈರೆಕ್ಟರಿ ಅಳಿಸಿಬಿಟ್ಟ. ಸೆಕೆಂಡಲ್ಲೇ ನಿಲ್ಸಿದ, ಅಷ್ಟೊತ್ತಿಗೆ ಸುಮಾರು 300 ಜಿಬಿ ಹೋಗಿ ನಾಲ್ಕೂವರೆ ಜಿಬಿ ಉಳಿದಿತ್ತು. ಬ್ಯಾಕಪ್ ವ್ಯವಸ್ಥೆ ಐದು ಇದ್ವು, ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ, ಯಾರೋ ಅದೃಷ್ಟಕ್ಕೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟಿಂದ, ಅಂದ್ರೆ ಆ ಹೊತ್ತಿನ ಡೇಟಾದ ನಕಲಿಂದ ಜೀವ ಉಳೀತು, ಆದ್ರೂ ಆರು ಗಂಟೆ ಡೇಟಾ ಹೋಯ್ತು. ಅಷ್ಟಾದ್ರೂ ಅವರು ಬರೆದಿದ್ದರಲ್ಲಿ ಆ ಹುಡುಗನ ಹೆಸರಿಲ್ಲ, ಟೀಮ್ ಮೆಂಬರ್ 1 ಅಂತ ಅಷ್ಟೇ.

ನನ್ನ ಕೇಸಲ್ಲಿ? ಇಡೀ ಆಫೀಸಿಗೆ ಮೇಲ್, ನನ್ನ ಪೂರ್ತಿ ಹೆಸರು ಇನಿಷಿಯಲ್ ಸಮೇತ. ಇವತ್ತೇ ಆಗ್ಬೇಕು ಅಂತ ಕೂರಿಸಿದ ಮ್ಯಾನೇಜರು ಹತ್ತು ಗಂಟೆಗೇ ಮನೆಗೆ ಹೋಗಿದ್ದ, ಅವನ ಹೆಸರು ಎಲ್ಲೂ ಇಲ್ಲ, ಡೇಟಾ ಮತ್ತೆ ತುಂಬಿಸಿದ್ದಕ್ಕೆ ವರ್ಷದ ಕೊನೆಗೆ ಶಹಬ್ಬಾಸ್‌ಗಿರಿ ಮಾತ್ರ ಅವನಿಗೆ. ಹೊರಗಿನವರ ಮಾತು ಬಿಡಿ, ಮನೇಲಿ ಏನಂದ್ರು? ಕಂಪ್ಯೂಟರ್ ಮುಂದೆ ಕೂತಿರೋನಿಗೆ ಅದೇನು ಸುಸ್ತು, ಫ್ಯಾನ್ ಕೆಳಗಿನ ಕೆಲಸ ಅಂತ. ಯಾರಂದ್ರು ಅಂತ ಹೇಳಲ್ಲ, ಈ ಗ್ರೂಪಲ್ಲೇ ಇದಾರೆ. ಇವತ್ತಿಗೂ ಪ್ರಿಂಟರ್ ಓಡದಿದ್ರೆ, ಪಾಸ್‌ವರ್ಡ್ ಮರೆತ್ರೆ ಮಾತ್ರ ನನ್ನ ನೆನಪಾಗತ್ತೆ, ಹೋದ ತಿಂಗಳು ನನಗೆ ಜ್ವರ ಅಂದಾಗ ಬಂದಿದ್ದು ಎರಡು ಹೆಬ್ಬೆಟ್ಟಿನ ಎಮೋಜಿ.

ಎಲ್ಲಿದ್ದೆ? ಹಾಂ, ಪುಟ್ಟಿ. ನಿದ್ದೆಗಣ್ಣಲ್ಲಿ ಪ್ರೊಡಕ್ಷನ್ ಮುಟ್ಬೇಡ ಅಂತ ಹೇಳು, ನಾನು ಹೇಳ್ದೆ ಅಂತಾನೇ ಹೇಳು. ಹದಿನೇಳು ಗಂಟೆ ಎದ್ದಿದ್ರೆ ಕೈ ತಲೆ ಓಡೋದು ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇದ್ದೋರ ತರ ಅಂತ ಪರೀಕ್ಷೆ ಮಾಡಿ ನೋಡಿದಾರೆ. ಈಗ ಕ್ವೆರಿ ಎಐ ಬರ್ಕೊಡತ್ತೆ ಅಂತಾಳೆ, ಬರ್ಕೊಡ್ಲಿ, ಎಂಟರ್ ಒತ್ತೋ ಬೆರಳು ಇವಳದೇ ಅಲ್ವಾ.

ಅಯ್ಯೋ, ಏನು ಮಾಡ್ಬೇಕು ಅಂತ ಹೇಳೋದೇ ಬಿಟ್ಟೆ. ಡಿಲೀಟ್, ಅಪ್‌ಡೇಟ್ ಏನೇ ಇರ್ಲಿ, ಅದೇ ವೇರ್ ಹಾಕಿ ಮೊದಲು ಎಷ್ಟು ರೋ ಅಂತ ಎಣಿಸೋ ಸೆಲೆಕ್ಟ್ ಕೌಂಟ್ ಓಡಿಸ್ಲಿ, ಎಷ್ಟು ಬಂತು ಅಂತ ಕಾಗದದ ಮೇಲೆ ಬರ್ಕೊಳ್ಲಿ. ಆಮೇಲೆ ಬಿಗಿನ್ ಟ್ರಾನ್ಸಾಕ್ಷನ್ ಹಾಕಿ ಓಡಿಸಿ, ಅದೇ ಅಂಕಿ ಬಂದ್ರೆ ಕಮಿಟ್, ಒಂದೇ ಒಂದು ಹೆಚ್ಚುಕಮ್ಮಿ ಆದ್ರೂ ರೋಲ್‌ಬ್ಯಾಕ್. ಲೈವ್ ಕಿಟಕಿಯ ಬಣ್ಣ ಕೆಂಪು ಮಾಡಿಟ್ಕೊಳ್ಲಿ, ಎರಡು ನಿಮಿಷದ ಕೆಲಸ. ಬ್ಯಾಕಪ್ ಇದೆ ಅಂತ ಯಾರಾದ್ರೂ ಹೇಳಿದ್ರೆ ಕೊನೇ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ ಅಂತ ಕೇಳ್ಲಿ, ಮುಖ ನೋಡಿದ್ರೆ ಗೊತ್ತಾಗತ್ತೆ. ರಾತ್ರಿ ಹನ್ನೊಂದಕ್ಕೆ ಬರೆದ ಕೋಡು ಇದ್ದಷ್ಟನ್ನ ತನ್ನ ಬ್ರಾಂಚಿಗೆ, ಅಂದ್ರೆ ಕೋಡಿನ ತನ್ನ ಬೇರೆ ಪ್ರತಿಗೆ ಪುಶ್ ಮಾಡಿ, ನಾಳೆ ಎಲ್ಲಿಂದ ಶುರು ಅಂತ ಒಂದು ಸಾಲು ಬರೆದು ಮಲಗ್ಲಿ.

ಆ ಮೂರನೇ ಲ್ಯಾಂಗ್ವೇಜು ಸದ್ಯಕ್ಕೆ ಬೇಡ. ನಾನು ಪ್ರಾಣ ಕೊಟ್ಟು ಕಲ್ತ ವಿಬಿ ಸಿಕ್ಸಿಗೆ ಮೈಕ್ರೋಸಾಫ್ಟ್‌ನೋರು 2008ರ ಏಪ್ರಿಲಲ್ಲಿ ಸಪೋರ್ಟ್ ನಿಲ್ಸಿದ್ರು. ಕ್ವೆರಿ ಬರೆಯೋ ಲ್ಯಾಂಗ್ವೇಜು ಎಸ್‌ಕ್ಯೂಎಲ್ ನೋಡಿ, 1974ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಇವತ್ತು ಪುಟ್ಟಿ ಆಫೀಸಲ್ಲೂ ಅದೇ ಓಡ್ತಿದೆ. ಇಂಡೆಕ್ಸು, ಜಾಯಿನ್ನು, ಟ್ರಾನ್ಸಾಕ್ಷನ್ನು ಅರ್ಥ ಆಗೋ ತನಕ ಅದನ್ನೇ ತಿದ್ದಲಿ. ಭಾನುವಾರ ನನಗೆ ಫೋನ್ ಮಾಡೋಕೆ ಹೇಳು, ಒಂದು ಟೆಸ್ಟ್ ಡೇಟಾಬೇಸ್ ಮಾಡ್ಕೊಂಡು ಕೂರ್ಲಿ, ನಾನೇ ಒಂದ್ಸಲ ವೇರ್ ಇಲ್ದೆ ಡಿಲೀಟ್ ಮಾಡ್ಸಿ ತೋರಿಸ್ತೀನಿ.